ಹನ್ನೆರಡರ ಮಾಡೆಲ್ಲೋ, ಹದಿಮೂರರ ಮಾಡೆಲ್ಲೋ? ಒಂದು ಬೋಟಿನ ಹಿಂದಿನ ನೂರು ವರ್ಷ

ಇಯರ್‌ಫೋನ್ ಮನ್ಯಾಗ ಮರೆತು ಬಂದವರು, ಬಸ್ಸಿನಾಗ ಗದ್ದಲದಾಗ ಕೂತವರು ಓದ್ಕೊಳ್ಳಲಿ ಅಂತ ಈ ವಾರದ ಎಪಿಸೋಡ್ ಬರಹದಾಗ ಹಾಕ್ಲಕತ್ತೀವಿ. ಮಾತಿನಾಗ ಇದ್ದದ್ದು ಹಂಗೇ ಅದ, ಸ್ವಲ್ಪ ಮಾತ್ರ ತಿದ್ದೀನಿ.

ಇದು ಶುರು ಆಗಿದ್ದು ಒಂದು ವಾಯ್ಸ್ ನೋಟ್‌ನಿಂದ. ಕಳಿಸಿದಾಂವ ನನ್ನ ಕಾಕಾನ ಮಗ. ನನಗಿಂತ ದೊಡ್ಡಾಂವ, ಅದಕ್ಕ ಅಣ್ಣ ಅಂತೀನಿ. ಹುಟ್ಟಿದ್ದು ಕಮಲಾಪುರ, ಓದಿದ್ದು ಕಲಬುರಗಿ, ಈಗ ಇರೋದು ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ಊರಾಗ. ವಾಯ್ಸ್ ನೋಟ್ ಹಿಂಗಿತ್ತು: "ತಮ್ಮಾ, ನೀ ಬಿ.ಕಾಂ. ಓದೀದಿ, ಲೆಕ್ಕ ಹಾಕಿ ಹೇಳು. ನಾವು ಮೂರು ಮಂದಿ ಗೆಳ್ಯಾರು ಕೂಡಿ ಒಂದು ಸೆಕೆಂಡ್ ಹ್ಯಾಂಡ್ ಬೋಟ್ ತಗೋಬೇಕಂತ ಮಾಡೀವಿ. ಎರಡು ನೋಡೀವಿ. ಕಂಪನಿ ಒಂದೇ, ಉದ್ದ ಒಂದೇ. ಒಂದು 2012ರ ಮಾಡೆಲ್, ಇನ್ನೊಂದು 2013ರ ಮಾಡೆಲ್. ರೇಟಿನಾಗ ಎಂಟು ಸಾವಿರ ಡಾಲರ್ ಫರಕ್ ಅದ. ಒಂದು ವರ್ಷಕ್ಕ ಇಷ್ಟು ಫರಕ್ ಯಾಕ?"

ಕೇಳಿ ಮೊದಲು ನಗು ಬಂತು. ಯಾಕಂದ್ರ ಈ ಪ್ರಶ್ನೆ ನಾನು ಹುಟ್ಟಿದಾಗಿಂದ ಕೇಳ್ಕೋತ ಬಂದೀನಿ, ಬೋಟಿನ ಬಗ್ಗೆ ಅಲ್ಲ ಅಷ್ಟೇ. ಕಲಬುರಗಿಯಾಗ ಹಳೇ ಗಾಡಿ ನೋಡಲಿಕ್ಕೆ ಹೋದ್ರ ಮೊದಲನೇ ಮಾತು "ಎಷ್ಟರ ಮಾಡೆಲ್?" ಅಂತನೇ. ಎಂಜಿನ್ ಹೆಂಗದ, ಟೈರ್ ಹೆಂಗದ ಎಲ್ಲ ಆಮ್ಯಾಲ. "ಹದಿನೆಂಟರ ಮಾಡೆಲ್" ಅಂದಕೂಡಲೇ ತಗೊಳ್ಳೋನ ತಲ್ಯಾಗ ಒಂದು ರೇಟು ಕೂತುಬಿಡ್ತದ. ಮಾಡೆಲ್ ಅಂದ್ರ ನಮ್ಮ ಕಡೆ ಗಾಡಿಯ ಜಾತಿ ಅಲ್ಲ, ಗಾಡಿಯ ವಯಸ್ಸು.

ಆದ್ರ ಆ ಎಂಟು ಸಾವಿರ ಡಾಲರ್ ನನ್ನ ತಲೆಯಿಂದ ಹೋಗಲಿಲ್ಲ. ನಮ್ಮ ರೂಪಾಯಿಯಾಗ ಹೆಚ್ಚುಕಮ್ಮಿ ಏಳು ಲಕ್ಷ. ಮೂರು ಪಾಲು ಮಾಡಿದ್ರ ಅಣ್ಣನ ಪಾಲಿಗೆ ಬರೋ ಫರಕು ಎರಡು ಲಕ್ಷಕ್ಕಿಂತ ಜಾಸ್ತಿ. ಅದೇ ಹೊತ್ತಿಗೆ ಕಮಲಾಪುರದಾಗ ಕಾಕಾ ಕೆಂಪು ಬಾಳಿ ತೋಟಕ್ಕ ಹನಿ ನೀರಾವರಿ ಪೈಪ್ ಹೊಸದಾಗಿ ಹಾಕಿಸಬೇಕು, ಹಳೇವು ಬಿಸಿಲಿಗೆ ಸೀಳ್ಯಾವ ಅಂತ ಮಗನಿಗೆ ಹೇಳಿ ಕೂತಿದ್ರು. ಕಮಲಾಪುರದ ಕೆಂಪು ಬಾಳಿ ಗೊತ್ತದಲ್ಲ, ಭೌಗೋಳಿಕ ಸೂಚಿ ಸಿಕ್ಕಿರೋ ಹಣ್ಣು. ಬೇರೆ ಬಾಳಿಯಂಗ ಒಂದು ವರ್ಷಕ್ಕ ಮುಗಿಯಲ್ಲ, ಒಂದೂವರೆ ವರ್ಷ ಹಿಡೀತದ. ಅಂದ್ರ ಎರಡು ಬ್ಯಾಸಗಿ ದಾಟಬೇಕು. ಎರಡು ಬ್ಯಾಸಗಿ ನೀರು ಬೇಕು. ಹಿಂಗಾಗಿ "ಒಂದು ವರ್ಷದ ಫರಕ್" ಅನ್ನೋದು ನಮ್ಮ ಮನ್ಯಾಗ ಎರಡು ಕಡೆ ಲೆಕ್ಕಕ್ಕ ಬಂತು.

ಮೊದಲು ಪುಸ್ತಕದ ಲೆಕ್ಕ ಹಾಕಿದೆ. ಕಾಮರ್ಸ್ ಓದಿದವರಿಗೆ ಡಿಪ್ರಿಸಿಯೇಶನ್ ಅಂದ್ರ ಎರಡನೇ ಮಗ್ಗಿ ಇದ್ದಂಗ. ನಮ್ಮ ಇನ್‌ಕಮ್ ಟ್ಯಾಕ್ಸ್ ರೂಲ್ಸ್‌ನಾಗ ಸ್ಪೀಡ್ ಬೋಟಿಗೂ ಒಂದು ಸಾಲು ಅದ: ವರ್ಷಕ್ಕ 20 ಪರ್ಸೆಂಟ್, ಉಳಿದ ಬೆಲೆಯ ಮ್ಯಾಲ. ಪರೀಕ್ಷೆಗೆ ಓದುವಾಗ ಈ ಸಾಲು ಯಾರಿಗೆ ಬೇಕಾಗ್ತದ ಅಂದ್ಕೊಂಡಿದ್ದೆ, ನನಗೇ ಬೇಕಾಯ್ತು. 100 ರೂಪಾಯಿಯ ಬೋಟು ಹತ್ತು ವರ್ಷದ ನಂತರ ಪುಸ್ತಕದಾಗ 10 ರೂಪಾಯಿ 70 ಪೈಸೆ. ಹನ್ನೊಂದು ವರ್ಷಕ್ಕ 8 ರೂಪಾಯಿ 60 ಪೈಸೆ. ಅಂದ್ರ ಇಷ್ಟು ಹಳೇದಾದ ಮ್ಯಾಲ ಒಂದು ವರ್ಷದ ಫರಕು ಮೂಲ ಬೆಲೆಯ ನೂರಕ್ಕ ಎರಡು ರೂಪಾಯಿ. ಎಂಟು ಸಾವಿರ ಡಾಲರ್ ಬರಲಿಕ್ಕೆ ಸಾಧ್ಯನೇ ಇಲ್ಲ. ಆ ರೊಕ್ಕ ವಯಸ್ಸಿಗಲ್ಲ, ಬೇರೆ ಯಾವುದಕ್ಕೋ ಕೇಳ್ಯಾರ. ಯಾವುದಕ್ಕ ಅಂತ ಹುಡುಕುತ್ತಾ ಹೋದವ ನೂರು ವರ್ಷ ಹಿಂದಕ್ಕ ಹೋಗಿಬಿಟ್ಟೆ.

ಇದು ಎಂಥ ಬೋಟು ಅಂತ ಮೊದಲು ಹೇಳ್ತೀನಿ. ನಮಗ ಗೊತ್ತಿರೋ ಬೋಟ್ ಅಂದ್ರ ಹರಿಗೋಲು. 1520ರ ಸುಮಾರಿಗೆ ವಿಜಯನಗರಕ್ಕ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಆನೆಗೊಂದಿ ಹತ್ರ ಬುಟ್ಟಿಯಂಗ ದುಂಡಗಿರೋ, ಹೊರಗ ಚರ್ಮ ಹೊದಿಸಿದ ದೋಣಿಗಳನ್ನ ನೋಡಿ ಬರ್ದಾನ. ಮಂದಿ ಅಷ್ಟೇ ಅಲ್ಲ, ಕುದುರಿ, ಎತ್ತು ಕೂಡ ಅದರಾಗ ಹೊಳಿ ದಾಟ್ತಿದ್ವು. ಐದುನೂರು ವರ್ಷ ಆದ್ರೂ ಆಕಾರ ಅದೇ. ಚರ್ಮ ಹೋಗಿ ಪ್ಲಾಸ್ಟಿಕ್, ಡಾಂಬರು ಬಂತು, ಅಷ್ಟೇ ಬದಲಾವಣೆ. ಹರಿಗೋಲಿಗೆ ಯಾರೂ ಎಷ್ಟರ ಮಾಡೆಲ್ ಅಂತ ಕೇಳಲ್ಲ, ತೂತು ಅದ ಇಲ್ಲ ಅಂತ ಕೇಳ್ತಾರ.

ಅಣ್ಣ ತಗೊಳ್ಳೋದು ಟೋ ಬೋಟ್. ಎಳಿಯೋ ಬೋಟು. ಹಿಂದ ಹಗ್ಗ ಕಟ್ಟಿ, ಹಗ್ಗದ ತುದಿಗೆ ಒಬ್ಬ ಮನಷ್ಯಾನ ನೀರಿನ ಮ್ಯಾಲ ಎಳ್ಕೊಂಡು ಹೋಗಲಿಕ್ಕಂತನೇ ಕಟ್ಟಿದ ಬೋಟು. ಊರಿಂದ ಊರಿಗೆ ಹೋಗಲಿಕ್ಕಲ್ಲ, ಮೀನು ಹಿಡೀಲಿಕ್ಕಲ್ಲ. ಬರೇ ಆಟಕ್ಕ.

ಈ ಆಟ ಹುಟ್ಟಿದ್ದು 1922ರ ಬ್ಯಾಸಗಿಯಾಗ, ಅಮೆರಿಕದ ಮಿನೆಸೋಟಾ ರಾಜ್ಯದ ಲೇಕ್ ಸಿಟಿ ಅನ್ನೋ ಸಣ್ಣ ಊರಾಗ. ರಾಲ್ಫ್ ಸ್ಯಾಮ್ಯುಯೆಲ್ಸನ್ ಅಂತ ಒಬ್ಬ ಹುಡುಗ, ಹತ್ತೊಂಬತ್ತು ತುಂಬಲಿಕ್ಕೆ ಇನ್ನೂ ಕೆಲವು ದಿನ ಇತ್ತು. ಹಿಮದ ಮ್ಯಾಲ ಜಾರೋದು ಆದ್ರ ನೀರಿನ ಮ್ಯಾಲ ಯಾಕ ಆಗಬಾರದು ಅಂತ ಆತನ ಪ್ರಶ್ನೆ. ಮೊದಲು ಪೀಪಾಯಿಯ ಹಲಗೆ ಕಾಲಿಗೆ ಕಟ್ಟಿಕೊಂಡ, ಮುಳುಗಿದ. ಹಿಮದ ಸ್ಕೀ ಕಟ್ಟಿಕೊಂಡ, ಮತ್ತ ಮುಳುಗಿದ. ಆಮ್ಯಾಲ ಎಂಟು ಅಡಿ ಉದ್ದ, ಒಂಬತ್ತು ಇಂಚು ಅಗಲದ ಎರಡು ಹಲಗೆ ತಂದು, ಅವ್ವನ ತಾಮ್ರದ ಪಾತ್ರೆಯಾಗ ನೀರು ಕುದಿಸಿ, ಹಲಗೆ ತುದಿ ಅದರಾಗ ಬೇಯಿಸಿ ಮ್ಯಾಲಕ್ಕ ಬಗ್ಗಿಸಿದ. ಬೋಟ್ ಓಡಿಸಿದಾಂವ ಅವರಣ್ಣ ಬೆನ್. ಜೂನ್ 28ಕ್ಕ ಶುರು ಮಾಡಿ ದಿನಾ ಬೀಳ್ತಾ ಬೀಳ್ತಾ ಜುಲೈ 2ಕ್ಕ ಎದ್ದು ನಿಂತ. ಗುಟ್ಟು ಇಷ್ಟೇ: ಹಿಂದಕ್ಕ ವಾಲಿ, ಸ್ಕೀ ತುದಿ ನೀರಿನ ಮ್ಯಾಲ ಇಟ್ಟುಕೊಳ್ಳೋದು.

ಪೇಟೆಂಟ್ ಮಾಡಿಸಬೇಕು ಅಂತ ಸ್ಯಾಮ್ಯುಯೆಲ್ಸನ್‌ಗೆ ಹೊಳೀಲೇ ಇಲ್ಲ. ಮೂರು ವರ್ಷದ ನಂತರ, 1925ರಾಗ, ಫ್ರೆಡ್ ವಾಲರ್ ಅನ್ನೋ ನ್ಯೂಯಾರ್ಕಿನಾಂವ ನೀರಿನ ಸ್ಕೀಗೆ ಪೇಟೆಂಟ್ ಮಾಡಿಸಿಕೊಂಡ. ಇದೇ ವಾಲರ್ ಮುಂದ ಸಿನಿರಾಮಾ ಅನ್ನೋ ದೊಡ್ಡ ಪರದೆಯ ಸಿನಿಮಾ ತಂತ್ರವನ್ನೂ ಕಂಡುಹಿಡಿದ. ಮೊದಲು ನಿಂತಾಂವ ಸ್ಯಾಮ್ಯುಯೆಲ್ಸನ್ ಅಂತ ಅಮೆರಿಕದ ವಾಟರ್ ಸ್ಕೀ ಸಂಘ ಒಪ್ಪಿಕೊಂಡಿದ್ದು 1966ರಾಗ. ನಲವತ್ತನಾಲ್ಕು ವರ್ಷ ಆದ ಮ್ಯಾಲ. ಈ ಧಂದೆಯಾಗ ಪೇಟೆಂಟ್ ಮಾತು ಮತ್ತ ಬರ್ತದ, ನೆನಪಿಟ್ಟುಕೊಳ್ರಿ.

ಅದೇ 1925ರಾಗ ಫ್ಲಾರಿಡಾದಾಗ ವಾಲ್ಟರ್ ಮೆಲೂನ್ ಅನ್ನೋರು ಶುರು ಮಾಡಿದ ಬೋಟ್ ಕಂಪನಿ ಮುಂದ ಕರೆಕ್ಟ್ ಕ್ರಾಫ್ಟ್ ಆಯ್ತು. 1961ರಾಗ ಅವರ ಸ್ಕೀ ನಾಟಿಕ್ ಬಂತು: ಫೈಬರ್‌ಗ್ಲಾಸ್ ಮೈ, ಎಂಜಿನ್ ನಡುವಿನಾಗ. 1968ರಾಗ ಟೆನೆಸಿಯಾಗ ಸ್ಕೀ ಶಾಲೆ ನಡೆಸ್ತಿದ್ದ ರಾಬ್ ಶರ್ಲಿ ಅನ್ನೋನು ಕುದುರಿ ಕಟ್ಟೋ ಕೊಟ್ಟಿಗ್ಯಾಗ ಮಾಸ್ಟರ್‌ಕ್ರಾಫ್ಟ್ ಕಟ್ಟಲಿಕ್ಕೆ ಶುರು ಮಾಡಿದ. ಇವರೆಲ್ಲರ ತಲೆಬಿಸಿ ಒಂದೇ ಇತ್ತು, ಬೋಟಿನ ಹಿಂದ ಏಳೋ ತೆರಿ ಸಣ್ಣದಾಗಬೇಕು. ಸ್ಕೀ ಮಾಡೋನು ಗಂಟೆಗೆ 58 ಕಿಲೋಮೀಟರ್ ಸ್ಪೀಡಿನಾಗ ಆ ತೆರಿ ದಾಟಿ ಆ ಕಡೆ ಈ ಕಡೆ ಹೋಗಬೇಕು. ತೆರಿ ದೊಡ್ಡದಿದ್ರ ಮೊಣಕಾಲು ಹೋಗ್ತದ. ಹಿಂಗಾಗಿ ಬೋಟು ಹಗುರ, ತಳ ಚಪ್ಪಟೆ, ಓಟ ಜೋರು.

ತೊಂಬತ್ತರ ದಶಕದಾಗ ಎಲ್ಲ ತಿರುವುಮುರುವು ಆಯ್ತು. ವೇಕ್‌ಬೋರ್ಡ್ ಬಂತು. ಎರಡು ಸ್ಕೀ ಬದಲು ಒಂದೇ ಹಲಗೆ, ಕಾಲು ಅಡ್ಡಡ್ಡ. ಇವರಿಗೆ ತೆರಿ ದೊಡ್ಡದೇ ಬೇಕು, ಅದರ ಮ್ಯಾಲಿಂದ ಹಾರಬೇಕಲ್ಲ. ಸ್ಪೀಡು 37 ಕಿಲೋಮೀಟರಿಗೆ ಇಳೀತು. ಹಗ್ಗ ಎತ್ತರದಿಂದ ಎಳೀಲಿ ಅಂತ ಬೋಟಿನ ಮ್ಯಾಲ ಕಮಾನು ಬಂತು. ನಡುವಿದ್ದ ಎಂಜಿನ್ ಹಿಂದಕ್ಕ ಹೋಯ್ತು, ಹಿಂಭಾಗ ಭಾರ ಆಗಲಿ ಅಂತ. ಆಮ್ಯಾಲ ವೇಕ್‌ಸರ್ಫ್ ಬಂತು: ಮೊದಲು ಹಗ್ಗ ಹಿಡಿದು ಏಳೋದು, ಎದ್ದ ಮ್ಯಾಲ ಹಗ್ಗ ಬಿಟ್ಟು, ಬೋಟಿನ ಹಿಂದ ಏಳೋ ತೆರಿಯ ಮ್ಯಾಲೇ ಜಾರ್ತಾ ಇರೋದು. ಸಮುದ್ರ ಇಲ್ಲದ ಊರಿನ ಸರ್ಫಿಂಗ್. ಇದಕ್ಕ ಸ್ಪೀಡು ಗಂಟೆಗೆ 16, 18 ಕಿಲೋಮೀಟರ್ ಸಾಕು, ನಮ್ಮ ಸೂಪರ್ ಮಾರ್ಕೆಟ್ ರೋಡಿನಾಗ ಸಂಜೀಮುಂದ ಆಟೋ ಹೋಗೋ ಸ್ಪೀಡು. ಆದ್ರ ಎಂಜಿನ್ ಮಾತ್ರ ಮೊದಲಿಗಿಂತ ದೊಡ್ಡದು. ಯಾಕಂದ್ರ ಈಗ ಬೋಟು ನೀರನ್ನ ದಾಟೋದಲ್ಲ, ನೀರನ್ನ ನೂಕಬೇಕು.

ನೂಕಲಿಕ್ಕೆ ಭಾರ ಬೇಕು. ಭಾರಕ್ಕ ಕೆರಿ ನೀರನ್ನೇ ಪಂಪಿನಿಂದ ಬೋಟಿನೊಳಗಿನ ಟ್ಯಾಂಕು, ಚೀಲಗಳಿಗೆ ತುಂಬ್ತಾರ. ನೂರಾರು ಕೆಜಿ, ಒಮ್ಮೊಮ್ಮೆ ಸಾವಿರ ಕೆಜಿ ಮ್ಯಾಲ. ಇದನ್ನ ಕಮಲಾಪುರದಾಗ ತೋಟದ ಬದುವಿನ ಮ್ಯಾಲ ಕೂತು ಕಾಕಾಗ ಹೇಳಿದೆ. ಅವರು ಪೈಪಿನ ಸೀಳಿಗೆ ಸೈಕಲ್ ಟ್ಯೂಬ್ ಸುತ್ತಲಿಕ್ಕತ್ತಿದ್ರು. ತಲೆ ಎತ್ತಿ ಕೇಳಿದ್ರು:

"ಅಲ್ಲಪಾ, ಬೋಟು ನೀರಿನ ಮ್ಯಾಲ ಹೋಗ್ತದ. ಅದರೊಳಗ ಮತ್ತ ನೀರ್ ಯಾಕ್ ತುಂಬ್ತಾರ?"

"ತೆರಿ ದೊಡ್ಡದಾಗ್ಲಿ ಅಂತ ಕಾಕಾ."

"ತೆರಿ ಆದ ಮ್ಯಾಲ?"

"ಮತ್ತ ಕೆರಿಗೇ ಬಿಡ್ತಾರ."

ಕಾಕಾ ಏನೂ ಅನ್ನಲಿಲ್ಲ. ಟ್ಯೂಬ್ ಬಿಗಿ ಮಾಡಿ ಗಂಟು ಹಾಕಿದ್ರು.

ಈಗ ಅಣ್ಣನ ಎರಡು ವರ್ಷಕ್ಕ ಬರೋಣ. ಆತ ನೋಡಿದ್ದು ಮ್ಯಾಲಿಬು ಕಂಪನಿಯ ವೇಕ್‌ಸೆಟರ್. ಈ ಕಂಪನಿ 1982ರಾಗ ಕ್ಯಾಲಿಫೋರ್ನಿಯಾದಾಗ ಶುರು ಆಗಿದ್ದು, ಈಗ ಟೆನೆಸಿಯ ಲೌಡನ್ ಊರಾಗ ಅದ. 2012 ಮತ್ತು 2013 ಅನ್ನೋ ಎರಡು ಅಂಕಿ ಈ ಕಂಪನಿಯ ಮಟ್ಟಿಗೆ ಬರೇ ಅಕ್ಕಪಕ್ಕದ ವರ್ಷ ಅಲ್ಲ. ನಡುವ ಒಂದು ಗೋಡೆ ಅದ.

2012ರ ತನಕ ಸರ್ಫ್ ತೆರಿ ಮಾಡೋದು ಹೆಂಗಿತ್ತು ಅಂದ್ರ, ಬೋಟನ್ನ ಒಂದು ಕಡೆ ವಾಲಿಸೋದು. ಬಲಗಡೆ ಸರ್ಫ್ ಮಾಡಬೇಕಾದ್ರ ಬಲಗಡೆ ಟ್ಯಾಂಕ್ ತುಂಬಿ, ಎಡಗಡೆ ಖಾಲಿ ಮಾಡಿ, ಸಾಲದ್ದಕ್ಕ ಬಂದ ಮಂದಿನ್ನೆಲ್ಲ ಬಲಗಡೆಗೇ ಕೂಡಿಸೋದು. ನಮ್ಮ ಕಡೆ ಜೀಪಿನ ಒಂದೇ ಬದಿಗೆ ಮಂದಿ ಜೋತಾಡಿದಂಗ. ಬೋಟು ವಾಲಿಕೊಂಡೇ ಹೋಗ್ತದ, ಓಡಿಸೋನಿಗೆ ಮುಂದ ಸರಿಯಾಗಿ ಕಾಣಲ್ಲ. ಮುಂದಿನ ಸರದಿಯಾಂವ ಇನ್ನೊಂದು ಕಾಲು ಮುಂದಿಡೋನಾದ್ರ ಆತನಿಗೆ ಎಡಗಡೆ ತೆರಿ ಬೇಕು. ಆಗ ಈ ಟ್ಯಾಂಕ್ ಖಾಲಿ ಮಾಡು, ಆ ಟ್ಯಾಂಕ್ ತುಂಬು, ಮಂದಿನ್ನ ಎಬ್ಬಿಸು. ಪಂಪ್ ಗುಂಯ್ ಅಂತ ಅಂತಿರ್ತದ, ಎಲ್ಲರೂ ಕಾಯ್ತಾ ಕೂಡ್ತಾರ.

2012ರಾಗ ಮ್ಯಾಲಿಬು ಸರ್ಫ್ ಗೇಟ್ ಅಂತ ಒಂದು ಸಾಧನ ತಂದು 2013ರ ಮಾಡೆಲ್‌ಗಳಿಗೆ ಕೊಟ್ಟಿತು. ನೋಡಲಿಕ್ಕೆ ಏನೂ ಇಲ್ಲ. ಬೋಟಿನ ಹಿಂಭಾಗದ ಎರಡು ಮೂಲೆಗೆ ಬಾಗಿಲಿನಂಥ ಎರಡು ಹಲಗೆ. ಬಟನ್ ಒತ್ತಿದ್ರ ಒಂದು ಹೊರಕ್ಕ ಚಾಚ್ತದ. ಬೋಟು ಹೋಗುವಾಗ ಎರಡೂ ಬದಿಯಿಂದ ನೀರು ಬಂದು ಹಿಂದ ಕೂಡ್ತದಲ್ಲ, ಹಲಗೆ ಚಾಚಿದ ಕಡೆ ಆ ನೀರು ಸ್ವಲ್ಪ ತಡವಾಗಿ ಕೂಡ್ತದ. ತಡವಾದ್ದಕ್ಕ ಎದುರು ಬದಿಯ ತೆರಿ ಒಡೀದೇ ನುಣ್ಣಗೆ, ಉದ್ದಕ್ಕ ನಿಲ್ತದ. ಎಡಗಡೆ ಹಲಗೆ ಚಾಚಿದ್ರ ಬಲಗಡೆ ತೆರಿ. ಬೋಟು ವಾಲೋದು ಬೇಡ, ಎರಡೂ ಟ್ಯಾಂಕ್ ತುಂಬಿರಲಿ, ಮಂದಿ ಬೇಕಾದಲ್ಲಿ ಕೂಡಲಿ. ಬದಿ ಬದಲಾಯಿಸಲಿಕ್ಕೆ ಕೆಲವೇ ಸೆಕೆಂಡ್.

ಇಷ್ಟು ಸಣ್ಣ ಹಲಗೆ ಇಡೀ ಧಂದೆನ್ನ ಅಲುಗಾಡಿಸಿತು. 2013ರ ಸೆಪ್ಟೆಂಬರ್‌ನಾಗ ಮ್ಯಾಲಿಬುಗೆ ಪೇಟೆಂಟ್ ಸಿಕ್ಕಿತು. ಮುಂದಿನ ತಿಂಗಳೇ ನಾಟಿಕ್ ಮ್ಯಾಲ ಕೇಸ್. 2014ರ ಫೆಬ್ರುವರಿಯಾಗ ರಾಜಿ ಆಯ್ತು, ನಾಟಿಕ್ ಕಡೆಯವರು 22.5 ಲಕ್ಷ ಡಾಲರ್ ಕೊಟ್ಟರು. 2015ರಾಗ ಮಾಸ್ಟರ್‌ಕ್ರಾಫ್ಟ್ ಮ್ಯಾಲ ಕೇಸ್, 2017ರಾಗ ಅದೂ ರಾಜಿ. ತಾಮ್ರದ ಪಾತ್ರೆಯಾಗ ಹಲಗೆ ಬೇಯಿಸಿದ ಹುಡುಗನಿಗೆ ಒಂದು ಪೈಸೆ ಪೇಟೆಂಟ್ ರೊಕ್ಕ ಬರಲಿಲ್ಲ. ಅದೇ ಆಟದಾಗ ಈಗ ಬೋಟಿನ ಮೂಲೆಯ ಹಲಗೆಗೆ ಲಕ್ಷ ಲಕ್ಷ ಡಾಲರ್.

ಹಂಗಾದ್ರ ಎಂಟು ಸಾವಿರದ ಗುಟ್ಟು ಸಿಕ್ಕಿತು. ಅಣ್ಣನಿಗೆ ಹೇಳಿದೆ: ಫರಕು ವರ್ಷಕ್ಕಲ್ಲ, ಗೇಟಿಗೆ. ಆದ್ರ ಗೇಟು ಆಪ್ಷನ್ ಆಗಿತ್ತು, ಪ್ರತಿಯೊಂದು 2013ರ ಬೋಟಿಗೂ ಇರಲಿಲ್ಲ. ಮೊದಲು ಅದ ಇಲ್ಲ ನೋಡು. ಆತ ಫೋಟೋ ಕಳಿಸಿದ. ಹಿಂಭಾಗದಾಗ ಎರಡು ಹಲಗೆ ಇದ್ವು. ಅಣ್ಣ ಖುಷಿ. "ಹಂಗಾದ್ರ ಹದಿಮೂರರದ್ದೇ ತಗೋತೀವಿ" ಅಂದ.

ನನಗ ಯಾಕೋ ಸಮಾಧಾನ ಆಗಲಿಲ್ಲ. ಆ ಹಲಗೆಯ ಬಣ್ಣ ಬೋಟಿನ ಬಣ್ಣಕ್ಕ ಕೂಡ್ತಿರಲಿಲ್ಲ. "ಹದಿಮೂರರ ಮಾಡೆಲ್ ಅಂತ ಹೇಳಿದವರು ಯಾರು?" ಅಂತ ಕೇಳಿದೆ. "ಮಾರೋನು. ಜಾಹೀರಾತಿನಾಗ ಹಾಕ್ಯಾನ."

ಇಲ್ಲಿ ಸ್ವಲ್ಪ ನಿಲ್ಲೋಣ. ಮಾಡೆಲ್ ವರ್ಷ ಅನ್ನೋದು ಎಲ್ಲಿಂದ ಬಂತು? ಹೆನ್ರಿ ಫೋರ್ಡ್ 1908ರಿಂದ 1927ರ ತನಕ ಒಂದೇ ಕಾರು ಮಾಡಿದ, ಮಾಡೆಲ್ ಟಿ. ಗಟ್ಟಿ ಕಾರು, ವರ್ಷ ವರ್ಷಕ್ಕ ರೇಟು ಇಳಿಸ್ತಾ ಹೋದ. ಜನರಲ್ ಮೋಟರ್ಸ್‌ನ ಆಲ್ಫ್ರೆಡ್ ಸ್ಲೋನ್ ಬೇರೆ ದಾರಿ ಹಿಡಿದ. ಇಪ್ಪತ್ತರ ದಶಕದಾಗ ಪ್ರತಿ ವರ್ಷ ಕಾರಿನ ರೂಪ ಸ್ವಲ್ಪ ಬದಲಾಯಿಸು, ಹೋದ ವರ್ಷ ತಗೊಂಡೋನಿಗೆ ತನ್ನ ಕಾರು ಹಳೇದು ಅನ್ನಿಸಲಿ. ಗಾಡಿ ಸವೆಯೋ ಮೊದಲೇ ಮನಸ್ಸು ಸವೀಬೇಕು. ಬೋಟ್ ಕಂಪನಿಗಳೂ ಆಮ್ಯಾಲ ಅದೇ ಕಲಿತವು.

ನಮ್ಮ ದೇಶದಾಗ ಇದು ಬಹಳ ತಡ. ಅಂಬಾಸಿಡರ್ ಕಾರು 1957ರಿಂದ 2014ರ ತನಕ ಬಂತು. ಮಾರ್ಕ್ 2, ಮಾರ್ಕ್ 3, ಮಾರ್ಕ್ 4 ಅಂತ ಹೆಸರು ಬದಲಾದ್ವು. ಮುಂದಿನ ಜಾಳಿಗಿ ನೋಡಿ ಯಾವುದು ಅಂತ ಹೇಳೋ ಹಿರಿಯರು ಈಗಲೂ ಸ್ಟೇಷನ್ ಬಜಾರ್ ಕಡೆ ಸಿಗ್ತಾರ. ಆದ್ರ ಮೈ ಅದೇ ಮೈ. ಹಿಂಗಾಗಿ ನಮಗ ಮಾಡೆಲ್ ಅಂದ್ರ ಆರ್‌ಸಿ ಪುಸ್ತಕದಾಗ ಇರೋ ವರ್ಷ. ಅಲ್ಲಿ ಹಂಗಲ್ಲ. ಅಮೆರಿಕದ ನಿಯಮದಾಗ ಬೋಟಿನ ಮಾಡೆಲ್ ವರ್ಷ ಅಂದ್ರ ಒಂದು ವರ್ಷದ ಜೂನ್ 1ರಿಂದ ಮುಂದಿನ ವರ್ಷದ ಜುಲೈ 31ರ ತನಕ, ಮುಗಿಯೋ ವರ್ಷದ ಹೆಸರಿನಿಂದ ಕರೀತಾರ. ಎಣಿಸಿ ನೋಡ್ರಿ, ಹದಿನಾಲ್ಕು ತಿಂಗಳು! ಏಪ್ರಿಲ್‌ನಿಂದ ಮಾರ್ಚ್ ತನಕದ ನಮ್ಮ ಹಣಕಾಸು ವರ್ಷಕ್ಕೇ ಜನ ತಲೆ ಕೆಡಿಸ್ಕೋತಾರ, ಇದು ಅದಕ್ಕೂ ಮ್ಯಾಲ. 2012ರ ಆಗಸ್ಟ್‌ನಾಗ ಕಟ್ಟಿದ ಬೋಟು 2013ರ ಮಾಡೆಲ್. ಜೂನ್, ಜುಲೈನಾಗ ಕಟ್ಟಿದ್ದು ಯಾವ ವರ್ಷದ್ದಾದ್ರೂ ಆಗಬಹುದು, ಕಂಪನಿ ಹೇಳಿದಂಗ.

ಅದಕ್ಕ ಜಾಹೀರಾತು ನೋಡಬಾರದು, ಬೋಟಿನ ಮೈ ನೋಡಬೇಕು. 1972ರ ನವೆಂಬರ್‌ನಿಂದ ಅಮೆರಿಕದಾಗ ಕಟ್ಟೋ ಬೋಟಿಗೆ ಮೈಮ್ಯಾಲ ಒಂದು ನಂಬರ್ ಕಡ್ಡಾಯ, ನಮ್ಮ ಗಾಡಿಯ ಚಾಸಿ ನಂಬರ್ ಇದ್ದಂಗ. ಹಲ್ ನಂಬರ್ ಅಂತಾರ. ಹಿಂಭಾಗದ ಬಲಮೂಲೆಯಾಗ ಇರ್ತದ. ಒಟ್ಟು ಹನ್ನೆರಡು ಅಕ್ಷರ ಮತ್ತು ಅಂಕಿ. ಮೊದಲ ಮೂರು ಕಂಪನಿಯ ಗುರುತು, ಆಮ್ಯಾಲ ಐದು ಆ ಬೋಟಿನ ಸರಣಿ. ಕೊನೇ ನಾಲ್ಕರಾಗ ಇರೋದು ಜಾತಕ. 1984ರ ಆಗಸ್ಟ್‌ನಿಂದ ಅದರ ಕ್ರಮ ಹಿಂಗದ: ಒಂದು ಅಕ್ಷರ ತಿಂಗಳಿಗೆ, ಜನವರಿಗೆ ಎ, ಫೆಬ್ರುವರಿಗೆ ಬಿ, ಹಂಗೇ ಡಿಸೆಂಬರ್‌ಗೆ ಎಲ್ ತನಕ. ಆಮ್ಯಾಲ ಒಂದು ಅಂಕಿ ಕಟ್ಟಿದ ವರ್ಷದ್ದು, ಕೊನೆಯ ಅಂಕಿ ಮಾತ್ರ. ಉಳಿದ ಎರಡು ಅಂಕಿ ಮಾಡೆಲ್ ವರ್ಷ. ಕೊನೆಗೆ ಎಚ್213 ಅಂತ ಇದ್ರ 2012ರ ಆಗಸ್ಟ್‌ನಾಗ ಕಟ್ಟಿದ 2013ರ ಮಾಡೆಲ್ ಅಂತ ಅರ್ಥ.

ಅಣ್ಣ ಶನಿವಾರ ಮತ್ತ ಹೋಗಿ ಆ ನಂಬರಿನ ಫೋಟೋ ಹೊಡೆದು ಕಳಿಸಿದ. ನಾನು ಅಪ್ಪನ ಕೆರಿ ದಂಡಿ ಮ್ಯಾಲ ಕೂತಿದ್ದೆ, ರಾತ್ರಿ ಆಗಿತ್ತು. ಜೂಮ್ ಮಾಡಿದೆ. ಕೊನೆಯ ನಾಲ್ಕು: ಇ212.

ಇ ಅಂದ್ರ ಐದನೇ ತಿಂಗಳು. 2012ರ ಮೇ. ಮಾಡೆಲ್ ವರ್ಷ 12.

ಎರಡೂ ಬೋಟು ಹನ್ನೆರಡರದ್ದೇ! ಮಾರೋನನ್ನ ಕೇಳಿದ್ರ ಆತನೂ ಸುಳ್ಳುಗಾರ ಏನಲ್ಲ. ಬೋಟು ಶೋರೂಮ್‌ನಾಗ ವರ್ಷ ನಿಂತಿತ್ತು, ಮೊದಲ ಮಾಲೀಕ ತಗೊಂಡಿದ್ದು 2013ರ ಬ್ಯಾಸಗಿಯಾಗ. ಆತನಿಗೆ 2013 ಅಂತ ಹೇಳಿ ಕೊಟ್ಟಿದ್ರು, ಈತನೂ ಅದನ್ನೇ ಬರ್ದ. ಹಿಂದಿನ ಹಲಗೆ ಆಮ್ಯಾಲ ಹೊರಗ ಕೂಡಿಸಿದ್ದು, ಬೇರೆ ಯಾರದೋ ತಯಾರಿಕೆ. ಕೆಲಸ ಮಾಡ್ತದ, ಆದ್ರ ಅಂಥದ್ದನ್ನ ಹನ್ನೆರಡರ ಇನ್ನೊಂದು ಬೋಟಿಗೂ ಕೂಡಿಸಬಹುದು, ಎಂಟು ಸಾವಿರಕ್ಕಿಂತ ಬಹಳ ಕಮ್ಮಿಯಾಗ.

ಹಂಗಂತ ಸೋವಿಯಿರೋ ಬೋಟಿಗೆ ಕೂಡಲೇ ರೊಕ್ಕ ಕೊಡು ಅಂತ ನಾನು ಹೇಳಲಿಲ್ಲ. ವರ್ಷ ಒಂದೇ ಅಂದ ಮ್ಯಾಲ ಉಳಿಯೋದು ಬೋಟು ಬದುಕಿದ ರೀತಿ. ಇಲ್ಲಿ ನನಗ ಹೆದರಿಕೆ ಇದ್ದದ್ದು ಒಂದೇ ತಿಂಗಳಿಗೆ: 2021ರ ಫೆಬ್ರುವರಿ. ಬಿಸಿಲಿನ ನಾಡು ಅಂತಿದ್ದ ಟೆಕ್ಸಾಸ್‌ನಾಗ ಆ ವಾರ ಹಿಮ ಬಿದ್ದು ಕರೆಂಟ್ ಹೋಗಿ ಜನ ಸತ್ತರು, ನೀವೂ ಸುದ್ದಿಯಾಗ ನೋಡಿರ್ತೀರಿ. ಬೋಟಿನ ಎಂಜಿನ್ ತಂಪಾಗೋದು ಕೆರಿ ನೀರಿನಿಂದ. ಚಳಿ ನಾಡಿನವರು ಚಳಿಗಾಲಕ್ಕ ಮೊದಲೇ ಆ ನೀರು ಖಾಲಿ ಮಾಡ್ತಾರ. ಟೆಕ್ಸಾಸ್‌ನಾಗ ಬಹಳ ಮಂದಿಗೆ ಆ ರೂಢಿ ಇಲ್ಲ. ಒಳಗ ಉಳಿದ ನೀರು ಮಂಜಾಗಿ ಹಿಗ್ಗಿದ್ರ ಕಬ್ಬಿಣದ ಎಂಜಿನ್ ಸೀಳ್ತದ. ಹೊರಗಿಂದ ಬಣ್ಣ ಹೊಡೆದ್ರ ಗೊತ್ತಾಗಲ್ಲ. ಆ ವಾರ ಬೋಟು ಎಲ್ಲಿತ್ತು ಅಂತ ಕೇಳು ಅಂದೆ. ಇನ್ನೊಂದು, ಎಂಜಿನ್ ಎಷ್ಟು ತಾಸು ಓಡ್ಯದ ಅಂತ ಮೀಟರ್ ನೋಡು. ಬೋಟಿಗೆ ಕಿಲೋಮೀಟರ್ ಇಲ್ಲ, ತಾಸಿನ ಲೆಕ್ಕ. ನಮ್ಮ ಟ್ರ್ಯಾಕ್ಟರ್ ಇದ್ದಂಗ.

ಹೊಗೆಯ ವಿಷಯಾನೂ ಹೇಳಿದೆ. 2010ರಿಂದ ಅಮೆರಿಕದಾಗ ಇಂಥ ಪೆಟ್ರೋಲ್ ಎಂಜಿನ್‌ಗೆ ಹೊಗೆ ಶುದ್ಧ ಮಾಡೋ ಕ್ಯಾಟಲಿಸ್ಟ್ ಬಂದದ, ಹಿಂಗಾಗಿ ಈ ಎರಡೂ ಅದರ ಈಚಿನವು. ಆದ್ರೂ ಸರ್ಫ್ ಮಾಡೋನು ಬೋಟಿನ ಹಿಂಭಾಗಕ್ಕ ಬಹಳ ಹತ್ರ ಇರ್ತಾನ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಬೋಟಿನ ಹಿಂದ ಜೋತುಬಿದ್ದು ಆಡ್ಲಿಕ್ಕೆ ಹೋಗಿ ಅದರಿಂದಲೇ ಅಮೆರಿಕದಾಗ ಮಂದಿ ಸತ್ತಾರ. ಮತ್ತ ಹೊರಗ ಫ್ಯಾನ್ ತೂಗಾಡೋ ಮೋಟಾರಿನ ಬೋಟಿನ ಹಿಂದ ಸರ್ಫ್ ಮಾಡಲೇಬಾರದು. ಇಂಥ ಟೋ ಬೋಟಿನ ಫ್ಯಾನ್ ತಳದ ಕೆಳಗ, ಮುಂದಕ್ಕ ಇರ್ತದ, ಆಟ ಇದರ ಹಿಂದ ಆಡೋದು ಅದಕ್ಕ. ಮನ್ಯಾಗ ಸಣ್ಣ ಹುಡುಗರು ಅದಾವಂತ ಅಣ್ಣ ಇದನ್ನ ಎರಡು ಸಲ ಕೇಳಿದ.

ಕಮ್ಮಿ ರೇಟಿನ ಬೋಟನ್ನ ಒಬ್ಬ ಮೆಕ್ಯಾನಿಕ್ ಬಂದು ನೋಡಿದ. ಎಂಜಿನ್ ಸೀಳಿಲ್ಲ, ಆ ಫೆಬ್ರುವರಿಯಾಗ ಅದು ಶೆಡ್ಡಿನೊಳಗಿತ್ತು. ತಾಸೂ ಕಮ್ಮಿ ಓಡಿತ್ತು. ಒಂದು ಪಂಪ್ ಕೆಟ್ಟಿತ್ತು, ಸೀಟು ಹರಿದಿತ್ತು. ಅದಕ್ಕಿಷ್ಟು ಕಡಿಮೆ ಮಾಡಿಸಿ ಮೂರು ಮಂದಿ ಕೂಡಿ ತಗೊಂಡ್ರು. ಈಗ ಅದು ಲೇಕ್ ಟ್ರಾವಿಸ್‌ನಾಗ ಓಡ್ತದ. ಹೆಸರು ಲೇಕ್ ಅಂದ್ರೂ ಅದು ಕೆರಿ ಅಲ್ಲ, ಕೊಲೊರಾಡೊ ಅನ್ನೋ ಹೊಳಿಗೆ ಡ್ಯಾಂ ಕಟ್ಟಿ ನಿಲ್ಲಿಸಿದ ನೀರು. 2023ರಾಗ ಬರ ಬಿದ್ದು ಅಲ್ಲಿ ನೀರು ಎಷ್ಟು ಇಳಿದಿತ್ತಂದ್ರ ಬೋಟು ಇಳಿಸೋ ಸಾರ್ವಜನಿಕ ಇಳಿಜಾರುಗಳನ್ನ ಒಂದಾದ ಮ್ಯಾಲ ಒಂದು ಮುಚ್ಚಿದ್ರು. ನೀರು ಹಿಂದಕ್ಕ ಸರಿದು ಕಾಂಕ್ರೀಟಿನ ತುದಿ ಒಣ ಮಣ್ಣಿನಾಗ ನಿಂತಿತ್ತು. ಆ ಫೋಟೋ ಕಾಕಾಗ ತೋರಿಸಿದೆ. "ಇದು ನಮ್ಮ ಗಂಡೋರಿ ನಾಲಾ ಕಂಡಂಗ ಕಾಣ್ತದಲ್ಲೋ" ಅಂದ್ರು. ಅಮೆರಿಕದಾಗ ಬರ ಬೀಳ್ತದ ಅನ್ನೋದು ಅವರಿಗೆ ಬೋಟಿಗಿಂತ ದೊಡ್ಡ ಸುದ್ದಿ ಆಯ್ತು.

ಉಳಿದ ಎರಡು ಲಕ್ಷದ ವಿಷಯ ಕೇಳ್ತೀರಿ ಅಂತ ಗೊತ್ತು. ಹುಮ್ನಾಬಾದ್ ಬೇಸ್ ಹತ್ರದ ಅಂಗಡಿಯಿಂದ ಹನಿ ನೀರಾವರಿ ಪೈಪಿನ ಕೊಟೇಶನ್ ತಂದು ಕಾಕಾನೇ ವಾಟ್ಸ್‌ಆ್ಯಪ್‌ನಾಗ ಮಗನಿಗೆ ಕಳಿಸ್ಯಾರ. ಅದಾಗಿ ನಾಲ್ಕು ದಿನ ಆಯ್ತು, ಇನ್ನೂ ನೀಲಿ ಗೆರಿ ಬಂದಿಲ್ಲ. ಅಲ್ಲಿ ವಾರಾಂತ್ಯ, ಬೋಟಿನ ಮ್ಯಾಲ ಇದ್ದಾರ ಅಂತ ಕಾಣ್ತದ.

ಮುಂದಿನ ವಾರ ಸಿಗೋಣ್ರಿ. ನಿಮ್ಮ ಮನ್ಯಾಗ ಹಳೇ ಗಾಡಿ, ಹಳೇ ಟ್ರ್ಯಾಕ್ಟರ್ ತಗೊಳ್ಳುವಾಗ ಮಾಡೆಲ್ ವಿಷಯಕ್ಕ ನಡೆದ ಜಗಳ ಇದ್ರ ವಾಯ್ಸ್ ನೋಟ್ ಕಳಿಸ್ರಿ.